ಕೂಡೋದಾ, ಕಳೆಯೋದಾ? ವಾಕ್ಯದ ಲೆಕ್ಕಗಳ ಜೊತೆ ಕೆಲವು ಸಂಜೆ

ಅಕ್ಕನ ಮಗಳಿಗೆ ಲೆಕ್ಕ ಬರುವುದಿಲ್ಲ ಅಂತ ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ದೊಡ್ಡ ದೊಡ್ಡ ಭಾಗಾಕಾರ ಮಾಡುತ್ತಾಳೆ. ಭಿನ್ನರಾಶಿ ಕೂಡುತ್ತಾಳೆ. ಮಗ್ಗಿಯಲ್ಲಿ ನನಗಿಂತ ಚುರುಕು. ಆದರೆ ಅದೇ ಅಂಕಿಗಳು ಮೂರು ಸಾಲಿನ ವಾಕ್ಯದೊಳಗೆ ಬಂದು ಕೂತರೆ ಅವಳ ಪೆನ್ಸಿಲ್ ನಿಂತುಬಿಡುತ್ತದೆ. ಆಮೇಲೆ ಬರುವುದು ಒಂದೇ ಪ್ರಶ್ನೆ: "ಚಿಕ್ಕಮ್ಮ, ಇದು ಕೂಡೋದಾ, ಕಳೆಯೋದಾ?"

ಪರೀಕ್ಷೆ ಹತ್ತಿರ ಬಂದಾಗ ಅವಳ ಜೊತೆ ಕೂರುವ ಕೆಲಸ ನನ್ನ ಪಾಲಿಗೆ ಬಂತು. ನಾನು ಟೀಚರ್ ಅಲ್ಲ. ಶಾಲೆ ಬಿಟ್ಟ ಮೇಲೆ ಇಂಥ ಲೆಕ್ಕಗಳನ್ನು ಮುಟ್ಟಿಯೂ ಇರಲಿಲ್ಲ. ಹಾಗಾಗಿ ಅವಳಿಗೆ ಹೇಳಿಕೊಡುವ ಮೊದಲು ನಾನೇ ಒಂದೊಂದು ಲೆಕ್ಕವನ್ನು ನಿಧಾನಕ್ಕೆ ಮಾಡಿ, ತಲೆಯಲ್ಲಿ ಏನೇನು ನಡೆಯುತ್ತದೆ ಅಂತ ಗಮನಿಸಬೇಕಾಯಿತು. ಅದರಲ್ಲೇ ಒಂದು ವಿಷಯ ಗೊತ್ತಾಯಿತು. ಕೂಡುವುದು, ಕಳೆಯುವುದು ಕೊನೆಗೆ ಬರುವ ಸಣ್ಣ ಕೆಲಸ. ಅದಕ್ಕಿಂತ ಮುಂಚೆ ಮಾಡಬೇಕಾದ್ದು ಬಹಳ ಇದೆ, ಮತ್ತು ಅದನ್ನು ಯಾರೂ ನೋಟ್‌ಬುಕ್ಕಿನಲ್ಲಿ ಬರೆಯುವುದಿಲ್ಲ.

ಅವಳ ನೋಟ್‌ಬುಕ್ಕಿನ ಕೊನೇ ಪುಟದಲ್ಲಿ ಒಂದು ಪಟ್ಟಿ ಇತ್ತು. 'ಒಟ್ಟು' ಅಂದರೆ ಕೂಡು. 'ಉಳಿದದ್ದು' ಅಂದರೆ ಕಳೆ. 'ಹೆಚ್ಚು' ಅಂದರೆ ಕೂಡು. 'ಸಮನಾಗಿ' ಅಂದರೆ ಭಾಗಿಸು. ಇಂಥ ಪಟ್ಟಿ ಬಹಳ ಮಕ್ಕಳ ಹತ್ತಿರ ಇರುತ್ತದೆ. ಸುಲಭದ ಲೆಕ್ಕಗಳಲ್ಲಿ ಇದು ಕೆಲಸ ಮಾಡುತ್ತದೆ ಕೂಡ. ತೊಂದರೆ ಇರುವುದೇ ಅಲ್ಲಿ, ಯಾಕೆಂದರೆ ಮಗು ಅದನ್ನು ನಂಬಿಬಿಡುತ್ತದೆ.

ಅವಳಿಗೆ ಈ ಲೆಕ್ಕ ಕೊಟ್ಟೆ: ರವಿಯ ಹತ್ತಿರ 24 ಗೋಲಿಗಳಿವೆ. ಅದು ಸುಮಾಳ ಹತ್ತಿರ ಇರುವುದಕ್ಕಿಂತ 7 ಹೆಚ್ಚು. ಸುಮಾಳ ಹತ್ತಿರ ಎಷ್ಟಿವೆ?

'ಹೆಚ್ಚು' ಕಂಡಿತು, ಕೂಡಿದಳು, 31 ಅಂತ ಬರೆದಳು. ತಪ್ಪು ಅಂತ ನಾನು ಹೇಳಲಿಲ್ಲ.

"ಇಬ್ಬರಲ್ಲಿ ಯಾರ ಹತ್ತಿರ ಜಾಸ್ತಿ ಇದೆ?"

"ರವಿ ಹತ್ತಿರ."

"ನೀನು ಬರೆದ ಉತ್ತರದಲ್ಲಿ ಯಾರ ಹತ್ತಿರ ಜಾಸ್ತಿ?"

ಒಂದು ಕ್ಷಣ ನೋಡಿದಳು. ರಬ್ಬರ್ ತೆಗೆದುಕೊಂಡಳು. 17 ಅಂತ ಬರೆದಳು. ನಾನು ಇಲ್ಲಿ ಹೇಳಿಕೊಟ್ಟದ್ದು ಏನೂ ಇಲ್ಲ, ಗಮನಿಸಿ. ಕಥೆ ಅವಳಿಗೆ ಅರ್ಥವಾಗಿಯೇ ಇತ್ತು. ಅವಳು ಕಥೆಯನ್ನು ಕೇಳಿಸಿಕೊಳ್ಳದೆ ಒಂದು ಪದವನ್ನು ಮಾತ್ರ ಹೆಕ್ಕಿಕೊಂಡಿದ್ದಳು ಅಷ್ಟೇ.

ಇದು ಅವಳೊಬ್ಬಳ ಸಮಸ್ಯೆ ಅಲ್ಲ. ಫ್ರಾನ್ಸಿನ ಗ್ರೆನೋಬಲ್‌ನಲ್ಲಿ ಗಣಿತ ಬೋಧನೆಯ ಬಗ್ಗೆ ಅಧ್ಯಯನ ಮಾಡುವ ಸಂಸ್ಥೆಯೊಂದು ಪುಟ್ಟ ಮಕ್ಕಳಿಗೆ ಒಂದು ವಿಚಿತ್ರ ಪ್ರಶ್ನೆ ಕೊಟ್ಟಿತ್ತು. ಅದರ ಫಲಿತಾಂಶ 1980ರಲ್ಲಿ ಪ್ರಕಟವಾಯಿತು. ಪ್ರಶ್ನೆ ಇಷ್ಟೇ: ಒಂದು ಹಡಗಿನಲ್ಲಿ 26 ಕುರಿ, 10 ಮೇಕೆ ಇವೆ. ಕ್ಯಾಪ್ಟನ್ ವಯಸ್ಸು ಎಷ್ಟು? 97 ಮಕ್ಕಳಲ್ಲಿ 76 ಮಕ್ಕಳು ಈ ಅಂಕಿಗಳನ್ನೇ ಬಳಸಿ ಕ್ಯಾಪ್ಟನ್ ವಯಸ್ಸು ಲೆಕ್ಕ ಹಾಕಿಬಿಟ್ಟರು. ಅವರು ದಡ್ಡರಲ್ಲ. ಲೆಕ್ಕ ಕೊಟ್ಟರೆ ಉತ್ತರ ಇದ್ದೇ ಇರುತ್ತದೆ, ಕೊಟ್ಟ ಅಂಕಿಗಳನ್ನೆಲ್ಲ ಬಳಸಲೇಬೇಕು ಅಂತ ಶಾಲೆಯಲ್ಲೇ ಕಲಿತಿದ್ದರು. ನಾವೂ ಹಾಗೇ ಕಲಿತವರಲ್ವಾ?

ಹಾಗಾಗಿ ನಾನು ಮೊದಲು ಮಾಡಿದ್ದು ಅಂಕಿ ಮುಚ್ಚುವ ಕೆಲಸ. ಲೆಕ್ಕದ ಅಂಕಿಗಳ ಮೇಲೆ ಸಣ್ಣ ಸಣ್ಣ ಚೀಟಿ ಇಟ್ಟೆ. ಈಗ ಕಥೆ ಹೇಳು ಅಂದೆ. ಮೊದಮೊದಲು ಅವಳಿಗೆ ಸಿಟ್ಟು ಬಂತು. "ಅಂಕಿನೇ ಇಲ್ಲದೆ ಏನು ಹೇಳೋದು?" ಅಂದಳು. ಆದರೆ ಅಂಕಿ ಇಲ್ಲದಿದ್ದಾಗ ಬೇರೆ ದಾರಿ ಇರುವುದಿಲ್ಲ, ಯಾರು, ಏನು, ಯಾವುದು ಮೊದಲು, ಯಾವುದು ಆಮೇಲೆ ಅಂತಲೇ ಯೋಚಿಸಬೇಕು. 'ಒಬ್ಬನ ಹತ್ತಿರ ಇಷ್ಟಿದೆ. ಅದು ಇನ್ನೊಬ್ಬಳದಕ್ಕಿಂತ ಸ್ವಲ್ಪ ಜಾಸ್ತಿ. ಅವಳದ್ದು ಕೇಳಿದ್ದಾರೆ.' ಇಷ್ಟು ಹೇಳಿದ ಮೇಲೆ ಕೂಡೋದಾ ಕಳೆಯೋದಾ ಅಂತ ಕೇಳುವ ಅಗತ್ಯವೇ ಬೀಳಲಿಲ್ಲ. ಕ್ಯಾಪ್ಟನ್ ಲೆಕ್ಕವನ್ನೂ ಹೀಗೇ ಚೀಟಿ ಮುಚ್ಚಿ ಕೊಟ್ಟೆ. "ಚಿಕ್ಕಮ್ಮ, ಇದರಲ್ಲಿ ವಯಸ್ಸಿನ ಸುದ್ದಿನೇ ಇಲ್ವಲ್ಲ!" ಅಂದಳು.

ಜಾರ್ಜ್ ಪೋಲ್ಯಾ ಎಂಬ ಗಣಿತಜ್ಞರು 1945ರಲ್ಲಿ ಲೆಕ್ಕ ಬಿಡಿಸುವ ಕೆಲಸವನ್ನು ನಾಲ್ಕು ಹಂತ ಮಾಡಿ ತೋರಿಸಿದ್ದರು. ಅರ್ಥ ಮಾಡಿಕೊ, ದಾರಿ ಹುಡುಕು, ಆ ದಾರಿಯಲ್ಲಿ ನಡೆ, ಹಿಂತಿರುಗಿ ನೋಡು. ಹೇಳಿದಷ್ಟು ಸುಲಭ ಅಲ್ಲ ಇದು. ನಮ್ಮಲ್ಲಿ ಹೆಚ್ಚಿನವರು ಮೂರನೆಯದರಿಂದ ಶುರುಮಾಡಿ ಮೂರನೆಯದರಲ್ಲೇ ಮುಗಿಸುತ್ತೇವೆ. ನನಗೆ ಕೇಳಿದರೆ ಮೊದಲನೆಯದಕ್ಕೂ ನಾಲ್ಕನೆಯದಕ್ಕೂ ಅರ್ಧಕ್ಕಿಂತ ಜಾಸ್ತಿ ಸಮಯ ಕೊಡಬೇಕು.

ನಾಲ್ಕನೆಯದು ಎಷ್ಟು ಮುಖ್ಯ ಅಂತ ಬಸ್ಸಿನ ಲೆಕ್ಕದಲ್ಲಿ ಗೊತ್ತಾಯಿತು. 1980ರ ದಶಕದ ಆರಂಭದಲ್ಲಿ ಅಮೆರಿಕದ ರಾಷ್ಟ್ರಮಟ್ಟದ ಪರೀಕ್ಷೆಯೊಂದರಲ್ಲಿ 13 ವರ್ಷದ ಮಕ್ಕಳಿಗೆ ಇದನ್ನು ಕೇಳಿದ್ದರು. ಒಂದು ಬಸ್ಸಿನಲ್ಲಿ 36 ಸೈನಿಕರು ಹೋಗಬಹುದು. 1,128 ಸೈನಿಕರಿಗೆ ಎಷ್ಟು ಬಸ್ಸು ಬೇಕು? ಸುಮಾರು 70 ಶೇಕಡಾ ಮಕ್ಕಳು ಭಾಗಾಕಾರವನ್ನು ಸರಿಯಾಗಿಯೇ ಮಾಡಿದರು. ಭಾಗಲಬ್ಧ 31, ಶೇಷ 12. ಆದರೆ 32 ಬಸ್ಸು ಅಂತ ಬರೆದವರು 23 ಶೇಕಡಾ ಮಾತ್ರ. 29 ಶೇಕಡಾ ಮಕ್ಕಳು '31 ಶೇಷ 12 ಬಸ್ಸು' ಅಂತಲೇ ಬರೆದರು. ಶೇಷ 12 ಬಸ್ಸು! ಅಂಥ ಬಸ್ಸನ್ನು ಯಾರು ಓಡಿಸುತ್ತಾರೋ.

ಇದನ್ನು ನಾನು ಸ್ವಲ್ಪ ತಿರುಚಿ ಮೂರು ಲೆಕ್ಕ ಮಾಡಿದೆ. ಮೂರರಲ್ಲೂ 50ನ್ನು 8ರಿಂದ ಭಾಗಿಸಬೇಕು. ಒಂದು: 50 ಮಕ್ಕಳನ್ನು ಕರೆದೊಯ್ಯಲು 8 ಸೀಟಿನ ಗಾಡಿ ಎಷ್ಟು ಬೇಕು? ಎರಡು: 50 ಮೀಟರ್ ಹಗ್ಗದಲ್ಲಿ 8 ಮೀಟರಿನ ತುಂಡು ಎಷ್ಟು ಬರುತ್ತವೆ? ಮೂರು: 50 ಮೀಟರ್ ಹಗ್ಗವನ್ನು 8 ಸಮ ತುಂಡು ಮಾಡಿದರೆ ಒಂದೊಂದೂ ಎಷ್ಟು ಉದ್ದ? ಭಾಗಾಕಾರ ಒಂದೇ. ಉತ್ತರ ಮಾತ್ರ 7, 6, ಮತ್ತು ಆರೂಕಾಲು ಮೀಟರ್. ಅವಳಿಗೆ ಇದು ಬಹಳ ಇಷ್ಟವಾಯಿತು. ನಾಲ್ಕನೆಯದನ್ನು ಅವಳೇ ಸೇರಿಸಿದಳು: 8 ಮೀಟರಿನ ತುಂಡುಗಳನ್ನು ಕತ್ತರಿಸಿದ ಮೇಲೆ ಎಷ್ಟು ಹಗ್ಗ ಉಳಿಯುತ್ತದೆ? ಉತ್ತರ 2 ಮೀಟರ್, ಅಂದರೆ ಶೇಷವೇ ಉತ್ತರ.

ಕಂಬದ ಲೆಕ್ಕವೂ ಇದೇ ಜಾತಿಯದು. 100 ಮೀಟರ್ ಉದ್ದದ ನೇರ ಬೇಲಿಗೆ 10 ಮೀಟರಿಗೊಂದು ಕಂಬ, ಎರಡೂ ತುದಿಯಲ್ಲಿ ಕಂಬ ಬೇಕು. 10 ಅಂತ ಬಾಯಿಗೆ ಬರುತ್ತದೆ, ಬೇಕಾದ್ದು 11. ಅದೇ 100 ಮೀಟರ್ ಸುತ್ತಳತೆಯ ದುಂಡಗಿನ ಬೇಲಿಯಾದರೆ 10 ಸಾಕು. ಇದಕ್ಕೆ ಸೂತ್ರ ಹುಡುಕುವುದು ದಂಡ. 30 ಮೀಟರಿನ ಬೇಲಿ ಎಳೆದು ಕಂಬ ಎಣಿಸಿದರೆ ತಾನಾಗೇ ತಿಳಿಯುತ್ತದೆ. ದೊಡ್ಡ ಅಂಕಿ ತೊಂದರೆ ಕೊಟ್ಟಾಗ ಸಣ್ಣ ಅಂಕಿ ಹಾಕಿ ನೋಡುವ ಅಭ್ಯಾಸ ನನಗೆ ಇಲ್ಲಿಂದಲೇ ಹತ್ತಿತು.

ಚಿತ್ರ ಬರೆಯಿರಿ ಅಂತ ಎಲ್ಲರೂ ಹೇಳುತ್ತಾರೆ. ಯಾವ ಚಿತ್ರ ಅಂತ ಹೇಳುವುದಿಲ್ಲ. ಅವಳು ತಾಯಿ ಮಗನ ಲೆಕ್ಕಕ್ಕೆ ಸೀರೆ ಉಟ್ಟ ಹೆಂಗಸನ್ನು ಬರೆಯಲು ಹೊರಟಿದ್ದಳು. ಬೇಕಾದ್ದು ಅದಲ್ಲ. ಬರೀ ಉದ್ದ ಪಟ್ಟಿಗಳು ಸಾಕು.

ತಾಯಿಯ ವಯಸ್ಸು ಮಗನ ವಯಸ್ಸಿನ ಮೂರರಷ್ಟು. ಇಬ್ಬರ ವಯಸ್ಸು ಕೂಡಿದರೆ 48. ಮಗನಿಗೆ ಒಂದು ಪಟ್ಟಿ ಎಳೆದೆವು. ಅದರ ಕೆಳಗೆ ತಾಯಿಗೆ ಅಷ್ಟೇ ಉದ್ದದ ಮೂರು ಪಟ್ಟಿ. ಒಟ್ಟು ನಾಲ್ಕು ಪಟ್ಟಿ ಸೇರಿ 48. ಒಂದು ಪಟ್ಟಿಗೆ 12. ಮಗ 12, ತಾಯಿ 36. ಅಕ್ಷರ, ಸಮೀಕರಣ ಯಾವುದೂ ಬೇಕಾಗಲಿಲ್ಲ.

ಲೆಕ್ಕದ ಎರಡನೇ ಭಾಗ ಸ್ವಲ್ಪ ಕಷ್ಟ. ಎಷ್ಟು ವರ್ಷದ ಮೇಲೆ ತಾಯಿಯ ವಯಸ್ಸು ಮಗನ ಎರಡರಷ್ಟಾಗುತ್ತದೆ? ಇಲ್ಲಿ ಪಟ್ಟಿಗಳನ್ನು ನೋಡುತ್ತಾ ಕೂತೆವು. ವರ್ಷ ಹೋದಂತೆ ಎರಡೂ ಪಟ್ಟಿ ಬೆಳೆಯುತ್ತವೆ. ಯಾವುದು ಬೆಳೆಯುವುದಿಲ್ಲ? ತಾಯಿಗೂ ಮಗನಿಗೂ ಇರುವ ಅಂತರ. ಅದು ಇವತ್ತೂ 24, ಮುಂದೆಯೂ 24. ತಾಯಿ ಎರಡು ಪಟ್ಟಿ, ಮಗ ಒಂದು ಪಟ್ಟಿ ಆದಾಗ ಅಂತರ ಒಂದು ಪಟ್ಟಿ. ಹಾಗಾದರೆ ಆಗ ಮಗನಿಗೆ 24. ಇವತ್ತು 12, ಆದ್ದರಿಂದ 12 ವರ್ಷದ ಮೇಲೆ. ಆಗ ತಾಯಿಗೆ 48, ಸರಿಯಾಯಿತು. ವಯಸ್ಸಿನ ಲೆಕ್ಕ ಯಾವುದೇ ಬರಲಿ, 'ಬದಲಾಗದೇ ಇರೋದು ಯಾವುದು' ಅಂತ ಮೊದಲು ಹುಡುಕಿದರೆ ಅರ್ಧ ಕೆಲಸ ಮುಗಿದ ಹಾಗೆ.

ಅಂದಾಜು ಮಾಡುವುದನ್ನು ಕಲಿಸಲು ನಲ್ಲಿಯ ಲೆಕ್ಕ ತೆಗೆದುಕೊಂಡೆ. ಒಂದು ನಲ್ಲಿ ತೊಟ್ಟಿಯನ್ನು 6 ಗಂಟೆಯಲ್ಲಿ ತುಂಬುತ್ತದೆ, ಇನ್ನೊಂದು 3 ಗಂಟೆಯಲ್ಲಿ. ಎರಡನ್ನೂ ಒಟ್ಟಿಗೆ ಬಿಟ್ಟರೆ? ಅವಳು ಎರಡನ್ನೂ ಕೂಡಿ ಅರ್ಧ ಮಾಡಿ ನಾಲ್ಕೂವರೆ ಅಂದಳು. ಪೆನ್ಸಿಲ್ ಕೆಳಗಿಡು ಅಂದೆ. ಜೋರಾಗಿ ಬರುವ ನಲ್ಲಿ ಒಂದೇ ಇದ್ದರೆ ಎಷ್ಟು ಹೊತ್ತು? ಮೂರು ಗಂಟೆ. ಅದಕ್ಕೆ ಇನ್ನೊಂದು ನಲ್ಲಿ ಸಹಾಯಕ್ಕೆ ಬಂದರೆ ಹೊತ್ತು ಜಾಸ್ತಿ ಆಗುತ್ತದಾ? ನಕ್ಕುಬಿಟ್ಟಳು. ಉತ್ತರ ಮೂರಕ್ಕಿಂತ ಕಮ್ಮಿ ಇರಬೇಕು ಅಂತ ಮೊದಲು ಬರೆದುಕೊಂಡೆವು. ಹಾಗೇ ಒಂದೂವರೆಗಿಂತ ಜಾಸ್ತಿಯೂ ಇರಬೇಕು, ಯಾಕೆಂದರೆ ಎರಡೂ ನಲ್ಲಿ ಅಷ್ಟೇ ಜೋರಾಗಿದ್ದರೆ ಒಂದೂವರೆ ಆಗುತ್ತಿತ್ತು, ಎರಡನೆಯದು ಅಷ್ಟು ಜೋರಿಲ್ಲ.

ಇನ್ನು ಲೆಕ್ಕ. ತೊಟ್ಟಿ ಎಷ್ಟು ದೊಡ್ಡದು ಅಂತ ಹೇಳಿಲ್ಲ. ಹೇಳದಿದ್ದರೆ ನಾವೇ ಒಂದು ಇಟ್ಟುಕೊಳ್ಳೋಣ, 600 ಲೀಟರ್. ಮೊದಲ ನಲ್ಲಿ ಗಂಟೆಗೆ 100 ಲೀಟರ್, ಎರಡನೆಯದು 200. ಸೇರಿ 300. ಎರಡು ಗಂಟೆಯಲ್ಲಿ ತುಂಬಿತು. ಪುಸ್ತಕದಲ್ಲಿ ಆರನೇ ಒಂದು, ಮೂರನೇ ಒಂದು ಅಂತ ಭಿನ್ನರಾಶಿಯಲ್ಲಿ ಮಾಡಿದ್ದಾರೆ. ಅದೂ ಇದೂ ಒಂದೇ. ಆದರೆ ಲೀಟರ್‌ನಲ್ಲಿ ಮಾಡಿದಾಗ ಅವಳಿಗೆ ಕಾಣುತ್ತದೆ. "600 ಬದಲು 900 ಇದ್ದರೆ?" ಅಂತ ಅವಳಿಗೇ ಅನುಮಾನ ಬಂತು. ಮಾಡಿ ನೋಡಿದಳು. 150, 300, ಸೇರಿ 450. ಮತ್ತೆ ಎರಡೇ ಗಂಟೆ. ಆಮೇಲೆ 7 ಲೀಟರಿನ ತೊಟ್ಟಿ ಇಟ್ಟುಕೊಂಡು ಸುಮ್ನೆ ಒದ್ದಾಡಿದಳು. 6ಕ್ಕೂ 3ಕ್ಕೂ ಸಲೀಸಾಗಿ ಭಾಗವಾಗುವ ಅಂಕಿ ಇಟ್ಟುಕೊಳ್ಳಬೇಕು ಅನ್ನುವುದು ಹೀಗೇ ತಿಳಿಯಿತು. ಲ.ಸಾ.ಅ. (ಕೊಟ್ಟ ಸಂಖ್ಯೆಗಳೆಲ್ಲದರಿಂದಲೂ ಭಾಗವಾಗುವ ಅತಿ ಚಿಕ್ಕ ಸಂಖ್ಯೆ) ಯಾಕೆ ಕಲಿಸುತ್ತಾರೆ ಅಂತ ಅವಳು ಯಾವತ್ತೋ ಕೇಳಿದ್ದಳು. ಉತ್ತರ ಸಿಕ್ಕಿತು.

ಪ್ರಯಾಣದ ಲೆಕ್ಕಕ್ಕೂ ಇದೇ ಉಪಾಯ. ಹೋಗುವಾಗ ಗಂಟೆಗೆ 60 ಕಿಲೋಮೀಟರ್, ಬರುವಾಗ 40. ಸರಾಸರಿ ವೇಗ 50 ಅಂತ ಯಾರಿಗೇ ಆದರೂ ಅನ್ನಿಸುತ್ತದೆ. ದೂರ 120 ಕಿಲೋಮೀಟರ್ ಅಂತ ಇಟ್ಟುಕೊಳ್ಳಿ. ಹೋಗಲು 2 ಗಂಟೆ, ಬರಲು 3 ಗಂಟೆ. 240 ಕಿಲೋಮೀಟರಿಗೆ 5 ಗಂಟೆ, ಅಂದರೆ ಗಂಟೆಗೆ 48. ನಿಧಾನದ ದಾರಿಯಲ್ಲಿ ಹೆಚ್ಚು ಹೊತ್ತು ಇದ್ದೆವು, ಅದಕ್ಕೇ ಸರಾಸರಿ ಆ ಕಡೆ ವಾಲುತ್ತದೆ. ಇದನ್ನು ಕೇಳಿದ ಅಕ್ಕ ಅಡುಗೆಮನೆಯಿಂದಲೇ ಒಪ್ಪಲಿಲ್ಲ. ಅವಳಿಗೂ ಕಾಗದ ಪೆನ್ನು ಕೊಡಬೇಕಾಯಿತು.

ಹೀಗೆ ನಮಗೆ ಬೇಕಾದ ಅಂಕಿ ಇಟ್ಟುಕೊಂಡು ನೋಡುವುದು ಕಳ್ಳದಾರಿ ಅಂತ ಅವಳಿಗೆ ಒಂಥರಾ ಅಳುಕಿತ್ತು. ಪರೀಕ್ಷೆಯಲ್ಲಿ ಒಪ್ಪುತ್ತಾರಾ ಅಂತ. ಅವಳಿಗೆ ಈಜಿಪ್ಟಿನ ಕಥೆ ಹೇಳಿದೆ. ಕ್ರಿಸ್ತಪೂರ್ವ 1550ರ ಸುಮಾರಿಗೆ ಅಹ್ಮೆಸ್ ಎಂಬ ಲಿಪಿಕಾರ ನಕಲು ಮಾಡಿದ ಒಂದು ಪಪೈರಸ್ ಸುರುಳಿ ಇದೆ, ರಿಂಡ್ ಪಪೈರಸ್ ಅಂತ ಕರೆಯುತ್ತಾರೆ. ಅದರಲ್ಲೊಂದು ಲೆಕ್ಕ: ಒಂದು ರಾಶಿಗೆ ಅದರ ಏಳನೇ ಒಂದು ಭಾಗ ಸೇರಿಸಿದರೆ 19. ಆ ರಾಶಿ ಎಷ್ಟು?

ಅವರು ಮಾಡಿದ್ದು ನೋಡಿ. ಮೊದಲು 7 ಅಂತ ಇಟ್ಟುಕೊಂಡರು. ಏಳಕ್ಕೆ ಅದರ ಏಳನೇ ಒಂದು ಸೇರಿಸಿದರೆ 8. ಬೇಕಾದ್ದು 19. 8ನ್ನು ಎಷ್ಟರಿಂದ ಗುಣಿಸಿದರೆ 19? ಎರಡು ಪೂರ್ಣ ಎಂಟನೇ ಮೂರು. ಹಾಗಾದರೆ 7ನ್ನೂ ಅಷ್ಟರಿಂದಲೇ ಗುಣಿಸಿ. ಹದಿನಾರು ಪೂರ್ಣ ಎಂಟನೇ ಐದು. ತಾಳೆ ನೋಡಿದೆವು. ಅದರ ಏಳನೇ ಒಂದು ಭಾಗ ಎರಡು ಪೂರ್ಣ ಎಂಟನೇ ಮೂರು. ಕೂಡಿದರೆ ಸರಿಯಾಗಿ 19. ಏಳನ್ನೇ ಯಾಕೆ ಹಿಡಿದರು? ಏಳನೇ ಒಂದು ಭಾಗ ತೆಗೆಯಲು ಸುಲಭ ಅಂತ. ನಮ್ಮ 600 ಲೀಟರಿನ ಹಾಗೇ.

ಭಾಸ್ಕರಾಚಾರ್ಯರು 1150ರಲ್ಲಿ ಬರೆದ ಲೀಲಾವತಿಯಲ್ಲೂ ಈ ವಿಧಾನ ಇದೆ. ಅಲ್ಲಿ ಇದರ ಹೆಸರು ಇಷ್ಟಕರ್ಮ. ಇಷ್ಟ ಬಂದ ಸಂಖ್ಯೆ ಹಿಡಿದು ಶುರುಮಾಡು, ಆಮೇಲೆ ಸರಿದೂಗಿಸು. ಇಷ್ಟು ಹಳೇ ವಿಧಾನ ಅಂತ ಗೊತ್ತಾದ ಮೇಲೆ ಅವಳಿಗೆ ಧೈರ್ಯ ಬಂತು. ಧೈರ್ಯ ಸ್ವಲ್ಪ ಜಾಸ್ತಿಯೇ ಬಂತು, ಎಲ್ಲದಕ್ಕೂ ಇದನ್ನೇ ಹಾಕತೊಡಗಿದಳು. ಆಗ ಇನ್ನೊಂದು ಕೊಟ್ಟೆ: ಒಂದು ಸಂಖ್ಯೆಗೆ ಅದರ ಅರ್ಧವನ್ನೂ, ಮೇಲೆ 4ನ್ನೂ ಕೂಡಿದರೆ 25. ಅವಳು 2 ಇಟ್ಟುಕೊಂಡಳು. 2, 1, 4 ಸೇರಿ 7. 25ನ್ನು 7ರಿಂದ ಭಾಗಿಸಲು ಹೋದಳು. ಬಂದದ್ದನ್ನು ತಾಳೆ ನೋಡಿದರೆ ಹೊಂದಲಿಲ್ಲ. ಯಾಕೆ? ಸಂಖ್ಯೆ ದೊಡ್ಡದಾದರೆ ಅದರ ಅರ್ಧವೂ ದೊಡ್ಡದಾಗುತ್ತದೆ, ಆದರೆ 4 ಹಾಗೇ ಇರುತ್ತದೆ. ಅದನ್ನು ಮೊದಲು ಆಚೆ ಹಾಕಬೇಕು. 25ರಲ್ಲಿ 4 ಹೋದರೆ 21. ಈಗ 2 ಇಟ್ಟುಕೊಂಡರೆ 3 ಬರುತ್ತದೆ, ಬೇಕಾದ್ದು 21, ಏಳರಷ್ಟು. ಉತ್ತರ 14. ಮತ್ತೆ ಅದೇ ಮಾತು, ಯಾವುದು ಬದಲಾಗುತ್ತದೆ, ಯಾವುದು ಬದಲಾಗುವುದಿಲ್ಲ.

ತ್ರೈರಾಶಿಕದ ಲೆಕ್ಕಗಳನ್ನು ನಾವು ಬೇಗ ದಾಟಿದೆವು. ಕ್ರಿ.ಶ. 499ರ ಆರ್ಯಭಟೀಯದಲ್ಲೇ ಇದರ ನಿಯಮ ಇದೆ. ಮೂರು ಗೊತ್ತಿದ್ದರೆ ನಾಲ್ಕನೆಯದು ಸಿಗುತ್ತದೆ. ಗುಣಿಸಿ ಭಾಗಿಸುವುದು ಅವಳಿಗೆ ನೀರು ಕುಡಿದಷ್ಟು ಸುಲಭ. ಆದರೆ ಹಾಕುವ ಮುಂಚೆ ಒಂದು ಪ್ರಶ್ನೆ ಕೇಳಲೇಬೇಕು: ಇದು ಜಾಸ್ತಿಯಾದರೆ ಅದು ಜಾಸ್ತಿಯಾಗುತ್ತದಾ, ಕಮ್ಮಿಯಾಗುತ್ತದಾ, ಅಥವಾ ಏನೂ ಆಗುವುದಿಲ್ಲವಾ? 6 ಜನ 10 ದಿನದಲ್ಲಿ ಮುಗಿಸುವ ಕೆಲಸವನ್ನು ಅದೇ ವೇಗದಲ್ಲಿ 15 ಜನ ಮಾಡಿದರೆ 4 ದಿನ. ಜನ ಜಾಸ್ತಿ, ದಿನ ಕಮ್ಮಿ. ಹಳೇ ಗಣಿತದಲ್ಲಿ ಇದನ್ನು ವ್ಯಸ್ತ ತ್ರೈರಾಶಿಕ ಅನ್ನುತ್ತಿದ್ದರು. ಮೂರನೇ ಜಾತಿಯನ್ನು ಪುಸ್ತಕಗಳು ಬಿಟ್ಟೇಬಿಡುತ್ತವೆ. ಒಬ್ಬರು ಒಂದು ಹಾಡನ್ನು 5 ನಿಮಿಷದಲ್ಲಿ ಹಾಡಿದರೆ, ಐದು ಜನ ಸೇರಿ ಅದೇ ಹಾಡನ್ನು ಹಾಡಲು ಎಷ್ಟು ಹೊತ್ತು? ಇದಕ್ಕೆ ಅವಳು 25 ನಿಮಿಷ ಅಂತಾಳಾ, 1 ನಿಮಿಷ ಅಂತಾಳಾ ಅಂತ ಕಾಯುತ್ತಿದ್ದೆ. "ಐದೇ ನಿಮಿಷ, ಸುಮ್ನೆ ಏನೇನೋ ಕೇಳ್ಬೇಡಿ" ಅಂದಳು.

ಶೇಕಡಾದಲ್ಲಿ ತಕರಾರು ಜಾಸ್ತಿ ಇತ್ತು. ಒಂದು ಶಾಲೆಯಲ್ಲಿ 500 ಮಕ್ಕಳಿದ್ದರು. ಮುಂದಿನ ವರ್ಷ 20 ಶೇಕಡಾ ಹೆಚ್ಚಾದರು. ಅದರ ಮುಂದಿನ ವರ್ಷ 20 ಶೇಕಡಾ ಕಮ್ಮಿಯಾದರು. ಈಗ ಎಷ್ಟು? ಮತ್ತೆ 500 ಅಂತ ಅನ್ನಿಸುತ್ತದೆ. ಆದರೆ ಮೊದಲ 20 ಶೇಕಡಾ 500ರದ್ದು, ಅಂದರೆ 100. ಎರಡನೆಯದು 600ರದ್ದು, ಅಂದರೆ 120. ಉಳಿದವರು 480. ಅದಕ್ಕೇ ಶೇಕಡಾ ಅಂತ ಎಲ್ಲೇ ಕಂಡರೂ ಅದರ ಪಕ್ಕದಲ್ಲಿ 'ಯಾವುದರ?' ಅಂತ ಬರೆಯಲು ಹೇಳಿದೆ. ಉಲ್ಟಾ ಲೆಕ್ಕದಲ್ಲಿ ಇದು ಇನ್ನೂ ಬೇಕಾಗುತ್ತದೆ. 20 ಶೇಕಡಾ ಹೆಚ್ಚಾಗಿ 600 ಆಗಿದೆ, ಮೊದಲು ಎಷ್ಟಿತ್ತು? 600ರ 20 ಶೇಕಡಾ ಕಳೆದರೆ 480 ಬರುತ್ತದೆ, ಅದು ತಪ್ಪು. ಆ 20 ಶೇಕಡಾ 600ರದ್ದಲ್ಲ, ಹಳೇ ಸಂಖ್ಯೆಯದು. 600 ಅಂದರೆ ಹಳೆಯದರ 120 ಶೇಕಡಾ. 120 ಶೇಕಡಾ 600 ಆದರೆ 100 ಶೇಕಡಾ 500.

ಪುಸ್ತಕದ ಲೆಕ್ಕ ಒಂದು, ನಿಜವಾದ ಕೆಲಸ ಇನ್ನೊಂದು ಅನ್ನಿಸಿದ್ದು ಟೈಲ್ಸ್ ಲೆಕ್ಕದಲ್ಲಿ. ಕೋಣೆ 4 ಮೀಟರ್ ಉದ್ದ, 3 ಮೀಟರ್ ಅಗಲ. ಟೈಲ್ 30 ಸೆಂಟಿಮೀಟರಿನ ಚೌಕ. ಎಷ್ಟು ಬೇಕು? ಮೊದಲು ಅಳತೆಗಳನ್ನು ಒಂದೇ ಮಾನಕ್ಕೆ ತಂದೆವು, 400 ಮತ್ತು 300 ಸೆಂಟಿಮೀಟರ್. ಕೋಣೆಯ ವಿಸ್ತೀರ್ಣ 1,20,000, ಟೈಲಿನದ್ದು 900. ಭಾಗಿಸಿದರೆ 133 ಚಿಲ್ಲರೆ. ಪುಸ್ತಕದ ಪ್ರಕಾರ 134.

ಆದರೆ ನೆಲದ ಮೇಲೆ ಹಾಸಿ ನೋಡಿ. 3 ಮೀಟರ್ ಕಡೆ ಸರಿಯಾಗಿ 10 ಸಾಲು ಕೂರುತ್ತವೆ. 4 ಮೀಟರ್ ಕಡೆ 13 ಟೈಲ್ ಆದ ಮೇಲೆ 10 ಸೆಂಟಿಮೀಟರ್ ಜಾಗ ಉಳಿಯುತ್ತದೆ. ಅಲ್ಲಿಗೆ ಟೈಲ್ ಕತ್ತರಿಸಿ ಹಾಕಬೇಕು. ಪ್ರತಿ ಸಾಲಿಗೂ ಒಂದೊಂದು ಟೈಲ್ ಕತ್ತರಿಸಿ ಉಳಿದದ್ದನ್ನು ಎಸೆದರೆ ಒಟ್ಟು 140 ಬೇಕು. ಒಂದು ಟೈಲಿನಿಂದ 10 ಸೆಂಟಿಮೀಟರಿನ ಮೂರು ಪಟ್ಟಿ ತೆಗೆದರೆ, ಹತ್ತು ಪಟ್ಟಿಗೆ 4 ಟೈಲ್ ಸಾಕು. 130ಕ್ಕೆ 4 ಸೇರಿಸಿ 134. ಇನ್ನು ಒಡೆಯುವುದು, ಸಂದಿಯಲ್ಲಿ ಬಿಡುವ ಜಾಗ ಇವೆಲ್ಲ ಬೇರೆ. ಹಾಸುವವರು ಯಾವಾಗಲೂ ಕೆಲವನ್ನು ಜಾಸ್ತಿಯೇ ತರಿಸುತ್ತಾರೆ. ಈ ಲೆಕ್ಕಕ್ಕೆ ಒಂದೇ ಸರಿ ಉತ್ತರ ಅಂತ ಇಲ್ಲ, ಏನನ್ನು ಒಪ್ಪಿಕೊಂಡು ಮಾಡಿದೆವು ಅನ್ನುವುದರ ಮೇಲೆ ಉತ್ತರ ನಿಂತಿದೆ. ಅವಳಿಗೆ ಇದು ಸ್ವಲ್ಪ ಅನ್ಯಾಯ ಅನ್ನಿಸಿತು. ನನಗೆ ಇಡೀ ಪುಸ್ತಕದಲ್ಲಿ ತುಂಬಾ ಇಷ್ಟವಾದ ಲೆಕ್ಕ ಇದೇ.

ಅಕ್ಷರ ಇಟ್ಟು ಸಮೀಕರಣ ಬರೆಯುವುದನ್ನು ಕೊನೆಗೆ ಇಟ್ಟುಕೊಂಡಿದ್ದೆ. ಅಲ್ಲೊಂದು ಹೊಂಡ ಇದೆ, ದೊಡ್ಡವರೇ ಬೀಳುತ್ತಾರೆ. ಒಂದು ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರ ಆರರಷ್ಟು ವಿದ್ಯಾರ್ಥಿಗಳಿದ್ದಾರೆ. ವಿದ್ಯಾರ್ಥಿಗಳ ಸಂಖ್ಯೆ 'ವಿ', ಪ್ರಾಧ್ಯಾಪಕರ ಸಂಖ್ಯೆ 'ಪ್ರಾ' ಆದರೆ ಸಮೀಕರಣ ಬರೆಯಿರಿ. ಇದನ್ನು ಅಮೆರಿಕದಲ್ಲಿ ಎಂಜಿನಿಯರಿಂಗ್ ಸೇರಿದ 150 ವಿದ್ಯಾರ್ಥಿಗಳಿಗೆ ಕೊಟ್ಟಾಗ 37 ಶೇಕಡಾ ಜನ ತಪ್ಪು ಬರೆದರು ಅಂತ 1980ರ ದಶಕದ ಆರಂಭದ ಅಧ್ಯಯನವೊಂದು ಹೇಳುತ್ತದೆ. ಹೆಚ್ಚಿನವರು ಬರೆದದ್ದು '6 ವಿ = ಪ್ರಾ'. ಆರು ವಿದ್ಯಾರ್ಥಿಗಳಿಗೆ ಒಬ್ಬ ಪ್ರಾಧ್ಯಾಪಕ ಅಂತ ಮನಸ್ಸಿನಲ್ಲಿ ಚಿತ್ರ ಬರುತ್ತದೆ, ಅದನ್ನೇ ಹಾಗೇ ಬರೆದುಬಿಡುತ್ತೇವೆ. 'ವಿ' ಅಂದರೆ ವಿದ್ಯಾರ್ಥಿ ಅಲ್ಲ, ವಿದ್ಯಾರ್ಥಿಗಳ ಸಂಖ್ಯೆ. ಪ್ರಾಧ್ಯಾಪಕರು 10 ಇದ್ದರೆ ವಿದ್ಯಾರ್ಥಿಗಳು 60. ಈಗ ಸಮೀಕರಣಕ್ಕೆ ಹಾಕಿ ನೋಡಿ. 6 × 60 = 10 ಆಗುತ್ತದಾ? ಇಲ್ಲ. 'ವಿ = 6 ಪ್ರಾ' ಸರಿ. ಸಮೀಕರಣ ಬರೆದ ಕೂಡಲೇ ಬಿಡಿಸಲು ಹೋಗಬಾರದು, ಒಂದು ಜೊತೆ ಅಂಕಿ ಹಾಕಿ ನೋಡಬೇಕು ಅಂತ ಇಲ್ಲಿಂದ ಒಂದು ನಿಯಮ ಮಾಡಿಕೊಂಡೆವು. 'ವಿದ್ಯಾರ್ಥಿಗಳ ಸಂಖ್ಯೆ = ವಿ ಆಗಿರಲಿ' ಅಂತ ಪೂರ್ತಿ ವಾಕ್ಯ ಬರೆಯುವುದನ್ನೂ ಬಿಡಬಾರದು. ಪರೀಕ್ಷೆಯಲ್ಲಿ ಹಂತಗಳಿಗೂ ಅಂಕ ಇರುತ್ತದೆ ಅನ್ನುವುದು ಒಂದು ಕಾರಣ. ಅರ್ಧ ದಾರಿಯಲ್ಲಿ ನಮಗೇ ಮರೆತುಹೋಗುತ್ತದೆ ಅನ್ನುವುದು ಅದಕ್ಕಿಂತ ದೊಡ್ಡ ಕಾರಣ.

ಇಷ್ಟಾದ ಮೇಲೂ ಅವಳು ನಿಧಾನ. ಚೀಟಿ ಮುಚ್ಚಿ, ಕಥೆ ಹೇಳಿ, ಪಟ್ಟಿ ಎಳೆದು, ಅಂದಾಜು ಬರೆದು ಲೆಕ್ಕ ಮುಗಿಸುವಷ್ಟರಲ್ಲಿ ಗಡಿಯಾರ ಓಡಿರುತ್ತದೆ. ಪರೀಕ್ಷೆಯಲ್ಲಿ ಅಷ್ಟು ಸಮಯ ಇರುವುದಿಲ್ಲ, ಗೊತ್ತು. ಚೀಟಿ ಈಗ ಬಿಟ್ಟಿದ್ದಾಳೆ, ಕಥೆಯನ್ನು ಮನಸ್ಸಿನಲ್ಲೇ ಹೇಳಿಕೊಳ್ಳುತ್ತಾಳೆ, ತುಟಿ ಅಲ್ಲಾಡುವುದು ಕಾಣುತ್ತದೆ. ಅಂದಾಜು ಮಾತ್ರ ಬಿಡಬೇಡ ಅಂದಿದ್ದೇನೆ. ಅದಕ್ಕೆ ಹಿಡಿಯುವುದು ಕೆಲವೇ ಕ್ಷಣ, ಉಳಿಸುವ ಅಂಕ ಜಾಸ್ತಿ.

ಮೊನ್ನೆ ಮಿಶ್ರಣದ ಲೆಕ್ಕಕ್ಕೆ ಬಂದೆವು. 20 ಲೀಟರ್ ದ್ರಾವಣದಲ್ಲಿ 30 ಶೇಕಡಾ ಆಮ್ಲ ಇದೆ. ಅದು 20 ಶೇಕಡಾ ಆಗಬೇಕಾದರೆ ಎಷ್ಟು ಲೀಟರ್ ನೀರು ಸೇರಿಸಬೇಕು? ನಾನು ಏನಾದರೂ ಹೇಳುವ ಮುಂಚೆ ಅವಳೇ ಶುರುಮಾಡಿದಳು.

"ನೀರು ಹಾಕಿದರೆ ಆಮ್ಲ ಬದಲಾಗಲ್ಲ. 20ರ 30 ಶೇಕಡಾ, 6 ಲೀಟರ್. ಕೊನೆಗೂ 6 ಲೀಟರೇ. ಆದರೆ ಆಗ ಅದು 20 ಶೇಕಡಾ. 20 ಶೇಕಡಾ 6 ಆದರೆ ಪೂರ್ತಿ 30."

"ಹಾಗಾದರೆ ಉತ್ತರ 30?" ಅಂತ ಬೇಕಂತಲೇ ಕೇಳಿದೆ.

"ಅಲ್ಲ ಚಿಕ್ಕಮ್ಮ, 10. ಅವರು ಕೇಳಿರೋದು ಸೇರಿಸಿದ ನೀರು."